ಕಣ್ಣು ಮುಚ್ಚಿದರೆ ಕೇಳುವ ಹೆಂಡತಿ

ಒಮ್ಮೆ ನೋಡಿದ ಮುಖವನ್ನು ಈ ಜನ್ಮದಲ್ಲಿ ಮರೆಯದವರು ಎಂಬುದು ಫೋಟೊ ಸ್ಟುಡಿಯೊ ಯಜಮಾನರ ಬಿರುದು. ಕೊಟ್ಟವರೂ ಅವರೇ, ತೊಟ್ಟವರೂ ಅವರೇ. ಹಾಗಾಗಿ ನಾಲ್ಕು ಮಹಡಿಯ ಬಟ್ಟೆ ಅಂಗಡಿಗೆ ಹೊರಟಾಗ, ಜಂಗುಳಿಯಲ್ಲಿ ತಪ್ಪಿಹೋದರೆ ಗತಿಯೇನು ಎಂದ ಹೆಂಡತಿಗೆ, "ಲಕ್ಷ ಜನರ ನಡುವೆ ಇದ್ರೂ ಹುಡುಕಿ ತರ್ತೀನಿ" ಎಂದು ಅಭಯವಿತ್ತರು.

ಹತ್ತೇ ನಿಮಿಷಕ್ಕೆ ಕಳೆದುಕೊಂಡರು. ಫೋನ್ ಮಾಡಿದರೆ ಅವರ ಜೇಬೇ ಹಾಡತೊಡಗಿತು. ಆಕೆ ತನ್ನ ಫೋನನ್ನು ಜೋಪಾನಕ್ಕೆಂದು ಇವರ ಕೈಗೇ ಕೊಟ್ಟಿದ್ದಳು.

ವಿಚಾರಣೆಯ ಮೇಜಿನ ಹಿಂದಿದ್ದ ಹೆಂಗಸು ಫೋಟೊ ಕೇಳಿದಳು. ಯಜಮಾನರ ಫೋನಿನಲ್ಲಿ ಊರವರ ಮುಖವೆಲ್ಲ ಇತ್ತು, ಹೆಂಡತಿಯದೊಂದು ಬಿಟ್ಟು.

"ಹೋಗ್ಲಿ, ನೋಡೋಕೆ ಹೇಗಿದ್ದಾರೆ? ಕಣ್ಣು ಮುಚ್ಚಿ ನೆನೆಸ್ಕೊಳ್ಳಿ, ಕಾಣ್ತಾರೆ."

ಮುಚ್ಚಿದರು. ಕಗ್ಗತ್ತಲು.

"ಕಣ್ಣು ಮುಚ್ಚಿದ್ರೆ ಏನಮ್ಮ ಕಾಣುತ್ತೆ?"

"ನನಗೆ ನಮ್ಮ ಮನೆಯವರು ಕಾಣ್ತಾರಪ್ಪ, ಮೀಸೆ ಸಮೇತ."

ಕಣ್ಣಿಗೆ ಕಟ್ಟುವುದೆಂದರೆ ಬರೀ ಮಾತಿನ ಅಲಂಕಾರ ಎಂದು ಐವತ್ತೆರಡು ವರ್ಷ ನಂಬಿದ್ದ ಯಜಮಾನರು ಬೆಚ್ಚಿಬಿದ್ದರು. ಮೇಜಿನ ಮುಂದೆ ಸಾಲಿನಲ್ಲಿದ್ದವರನ್ನೆಲ್ಲ ವಿಚಾರಿಸಿದರು. ಒಬ್ಬರಿಗೆ ತೀರಿಹೋದ ಅಜ್ಜಿ ಬಣ್ಣಬಣ್ಣವಾಗಿ ಕಾಣುತ್ತಿದ್ದಳಂತೆ. ಇನ್ನೊಬ್ಬರಿಗೆ ಎಲ್ಲ ಮಸುಕು ಮಸುಕು. ಅಯ್ಯೋ, ಎಲ್ಲರ ತಲೆಯಲ್ಲೂ ಒಂದೊಂದು ಸ್ಟುಡಿಯೊ, ಸ್ಟುಡಿಯೊ ಯಜಮಾನರ ತಲೆಯಲ್ಲಿ ಮಾತ್ರ ಡಾರ್ಕ್ ರೂಮು!

ಆದರೆ ಆ ಕತ್ತಲಲ್ಲಿ ಒಂದು ದನಿ ಖಣಖಣ ಮೊಳಗುತ್ತಿತ್ತು. ಮೈಕು ಇಸಿದುಕೊಂಡು, ಹೆಂಡತಿಯ ಗುರುತೆಂದು ಅದನ್ನೇ ಅವಳ ರಾಗದಲ್ಲೇ ಬಿತ್ತರಿಸಿದರು: "ರೀ, ಒಂದು ಕಡೆ ನಿಂತ್ಕೊಳ್ಳೋಕಾಗಲ್ವಾ ನಿಮಗೆ?"

ನಾಲ್ಕೂ ಮಹಡಿಗಳಲ್ಲಿ ಗಂಡಂದಿರು ನಿಂತಲ್ಲೇ ಕಂಬವಾದರು. ಒಬ್ಬಾಕೆ ಮಾತ್ರ ದಡದಡ ಮೆಟ್ಟಿಲಿಳಿದು ಬಂದಳು. ಕಂಡೊಡನೆ ಗುರುತು ಹಿಡಿದ ಯಜಮಾನರು, ಇವಳೇ ನೋಡಿ ಎಂದು ಕೋಟೆ ಗೆದ್ದವರಂತೆ ಬೀಗಿದರು.

ಮೇಜಿನ ಹೆಂಗಸು ನಡೆದದ್ದನ್ನೆಲ್ಲ ಅಕ್ಷರ ಬಿಡದೆ ಒಪ್ಪಿಸಿದಳು. ಹೆಂಡತಿಯ ಮುಖ ಸಣ್ಣದಾಯಿತು.

"ಇಪ್ಪತ್ತಾರು ವರ್ಷ ಎದುರಿಗೇ ಇದ್ದೀನಿ. ನನ್ನ ಮುಖ ನಿಮ್ಮ ಮನಸ್ಸಿಗೆ ಬರೋದೇ ಇಲ್ವಾ?"

ಬಿರುದಾಂಕಿತರ ದನಿ ಇಳಿಯಿತು. "ಮುಖ ಬರಲ್ಲ ಕಣೇ. ದನಿ ಬರುತ್ತೆ. ಸ್ಟುಡಿಯೊದಲ್ಲಿ ಒಬ್ಬನೇ ಇದ್ದಾಗಲೂ ಊಟ ಆಯ್ತಾ ಅಂತ ಕೇಳ್ತಾನೇ ಇರ್ತೀಯ."

ಅವಳು ಕರಗಿದಳು. ಅದೇ ಸಂದಿನಲ್ಲಿ ಯಜಮಾನರು ಧೈರ್ಯ ಮಾಡಿದರು. "ನಿನಗೆ ನಾನು ಕಾಣ್ತೀನಾ?"

ಅವಳು ಕಣ್ಣು ಮುಚ್ಚಿ ನಕ್ಕಳು. "ಓ, ಬೊಕ್ಕತಲೆ, ಕನ್ನಡಕ, ಕಿತ್ತುಹೋದ ಗುಂಡಿ, ಎಲ್ಲಾ ಕಾಣುತ್ತೆ. ಬಾಯಿ ಆಡ್ತಾನೇ ಇದೆ. ದನಿ ಮಾತ್ರ ಒಂದು ಚೂರೂ ಕೇಳಲ್ಲ." ಕಣ್ಣು ತೆರೆದು, ಅವರ ಜೇಬಿನಿಂದ ತನ್ನ ಫೋನು ತೆಗೆದುಕೊಂಡಳು. "ಕೇಳಿಸಿದ್ರೆ ನಿಮ್ಮ ಜೊತೆ ಇಪ್ಪತ್ತಾರು ವರ್ಷ ಬಾಳೋಕಾಗ್ತಿತ್ತಾ?"