ಮೇಜರ್ ದೊಡ್ಡಪ್ಪನ ರಿವಾಲ್ವರಿಗೆ ಹುಣಸೆಹಣ್ಣು

ನಮ್ಮ ದೊಡ್ಡಪ್ಪ ಪ್ರತಿವರ್ಷ ಒಬ್ಬ ಇಂಗ್ಲಿಷ್ ಆಫೀಸರನಿಗೆ ತರ್ಪಣ ಬಿಡುತ್ತಾರೆ ಎಂದರೆ ನೀವು ನಂಬುವುದಿಲ್ಲ. ಬಿಡಿ, ಪಕ್ಕದಲ್ಲೇ ನಿಂತು ನೀರು ಹಾಕುವ ದೊಡ್ಡಮ್ಮನೇ ಇನ್ನೂ ನಂಬಿಲ್ಲ!

ದೊಡ್ಡಪ್ಪ ಸೈನ್ಯದಲ್ಲಿ ಮೇಜರ್ ಆಗಿದ್ದವರು. ಈಗ ಯಡಿಯೂರು ಕೆರೆಯ ಹತ್ತಿರ ಮನೆ. ಆ ಮನೆಯ ಬೀರುವಿನಲ್ಲಿ, ದೊಡ್ಡಮ್ಮನ ರೇಷ್ಮೆ ಸೀರೆಗಳಿಗೂ ಸಿಗದ ಮರ್ಯಾದೆಯಲ್ಲಿ, ವಿಕ್ಟೋರಿಯಾ ರಾಣಿಯ ಕಾಲದ ಒಂದು ರಿವಾಲ್ವರ್ ಮಲಗಿದೆ. ಅವರ ಹಿರಿಯ ಅಧಿಕಾರಿಯೊಬ್ಬರು ನಿವೃತ್ತರಾಗುವಾಗ ಕೊಟ್ಟದ್ದಂತೆ. ಟ್ರಿಗರ್ ತುಕ್ಕು ಹಿಡಿದು ಎಷ್ಟೋ ಕಾಲವಾಗಿದೆ. ಆದರೂ ಪ್ರತಿ ಚುನಾವಣೆಗೂ ಇವರು ಅದನ್ನು ಸ್ಟೇಷನ್ನಿಗೆ ಒಪ್ಪಿಸಲೇಬೇಕು!

"ಸಾರ್, ಇದನ್ನ ಎತ್ತಿ ಎಸೆದ್ರೆ ಮಾತ್ರ ಯಾರಿಗಾದ್ರೂ ಗಾಯ ಆಗೋದು" ಎಂದು ಕಳೆದ ಸಲ ಇನ್ಸ್‌ಪೆಕ್ಟರ್ ಕೈಮುಗಿದರು.

"ರಸೀದಿ ಕೊಡ್ರಿ" ಎಂದರು ದೊಡ್ಡಪ್ಪ. ಮತ ಎಣಿಕೆ ಮುಗಿಯುವವರೆಗೂ ದಿನಾ ವಾಕಿಂಗ್ ಮುಗಿಸಿ ಸ್ಟೇಷನ್ನಿಗೆ ಹೋಗಿ ಅದರ ಯೋಗಕ್ಷೇಮ ವಿಚಾರಿಸಿ ಬಂದರು.

ಅದರ ನಳಿಗೆಯ ಮೇಲೆ ಮೊದಲ ಒಡೆಯನಾದ ಇಂಗ್ಲಿಷ್ ಆಫೀಸರನ ಹೆಸರು ಕೆತ್ತಿತ್ತು. ಸವೆದು ಸವೆದು ಎಚ್, ಎ, ಆರ್ ಮೂರೇ ಅಕ್ಷರ ಕಾಣುತ್ತಿದ್ದವು. ಉಳಿದದ್ದನ್ನು ಓದಲು ದೊಡ್ಡಪ್ಪ ಭಾನುವಾರದ ಎಳೆಬಿಸಿಲಿನಲ್ಲಿ ಭೂತಗನ್ನಡಿ ಹಿಡಿದು ಬಾಲ್ಕನಿಯಲ್ಲಿ ಕೂರುತ್ತಿದ್ದರು.

"ಹರಿದಾಸರು ಇರ್ಬೇಕು ದೊಡ್ಡಪ್ಪ!" ಎಂದು ನಾನು ರೇಗಿಸುತ್ತಿದ್ದೆ.

"ನಗು, ನಗು. ಅವನ ಗೋರಿ ಎಲ್ಲಿದೆಯೋ ಏನೋ. ಒಂದು ಹೂವಿಡೋರೂ ಇಲ್ಲ. ಹೆಸರಾದ್ರೂ ಗೊತ್ತಾಗ್ಬೇಡ್ವೇನೇ?"

ಮಹಾಲಯ ಅಮಾವಾಸ್ಯೆಯಂದು ತಮ್ಮ ಹಿರಿಯರಿಗೆಲ್ಲ ಎಳ್ಳುನೀರು ಬಿಟ್ಟಮೇಲೆ ಪುರೋಹಿತರಿಗೆ, "ಇನ್ನೊಬ್ರಿದಾರೆ" ಎನ್ನುವರು.

"ಹೆಸರು?"

"ಹುಡುಕ್ತಾ ಇದೀನಿ."

"ಗೋತ್ರ?"

"ಗೊತ್ತಿಲ್ದಿದ್ರೆ ಕಾಶ್ಯಪ ಅಂತೀರಲ್ಲ, ಅದೇ ಹೇಳಿ!"

ಹೀಗೆ ವಿಕ್ಟೋರಿಯಾ ರಾಣಿಯ ಆಫೀಸರ್ ಯಡಿಯೂರಿನಲ್ಲಿ ಕಾಶ್ಯಪ ಗೋತ್ರದವನಾದ. "ಅವನಿಗೆ ವಡೆ ಸೇರುತ್ತೇನ್ರೀ?" ಎಂದು ದೊಡ್ಡಮ್ಮ ನೀರು ಹಾಕುತ್ತಲೇ ಕೇಳುತ್ತಿದ್ದರು.

ಇಷ್ಟೂ ಕತೆಯನ್ನು ನಾನು ಊರೆಲ್ಲ ಹೇಳಿಕೊಂಡು ನಗುತ್ತಿದ್ದೆ. ಹೇಳದೆ ಮುಚ್ಚಿಟ್ಟದ್ದು ಮುಂದಿನದು.

ಕಳೆದ ವರ್ಷ ಆಯುಧಪೂಜೆಗೆ ಜೆ.ಪಿ. ನಗರದಿಂದ ನಾನೂ ಹೋಗಿದ್ದೆ. ಪೂಜೆಗಿಟ್ಟ ಈಳಿಗೆಮಣೆ, ಮಿಕ್ಸಿ, ನನ್ನ ಹೊಸ ಕಾರಿನ ಕೀ ಎಲ್ಲ ಫಳಫಳ. ನಡುವೆ ಈ ಕರಿ ರಿವಾಲ್ವರ್! ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕುವುದು ಹೇಗೆ? ದೊಡ್ಡಪ್ಪ ಬೂದುಗುಂಬಳ ತರಲು ಹೋಗಿದ್ದರು. ನಾನು ಹುಣಸೆಹಣ್ಣು, ರಂಗೋಲಿ ಪುಡಿ ಹಾಕಿ ಉಜ್ಜಿದೆ. ಸಾಲದೆಂದು ಸ್ಯಾಂಡ್ ಪೇಪರನ್ನೂ ಹಿಡಿದೆ. ಪೂಜೆಯ ಉದ್ಧರಣೆಯಂತೆ ಹೊಳೆಯಿತು! ಗ್ರೂಪಿನಲ್ಲಿ ಹತ್ತಾರು ಚಪ್ಪಾಳೆ ಬಿದ್ದವು.

ದೊಡ್ಡಪ್ಪ ಬಂದರು. ರಿವಾಲ್ವರ್ ಎತ್ತಿಕೊಂಡು ಬೆಳಕಿಗೆ ಹಿಡಿದರು. ಇನ್ನೊಂದು ಮಗ್ಗುಲಿಗೆ ಹೊರಳಿಸಿದರು. ಒಳಗೆ ಹೋಗಿ ಭೂತಗನ್ನಡಿ ತಂದಾಗಲೇ ನನಗೆ ಹೊಳೆದದ್ದು, ನಾನು ಏನು ಮಾಡಿದ್ದೆನೆಂದು. ಆ ಮೂರು ಅಕ್ಷರಗಳೂ ಇರಲಿಲ್ಲ.

"ದೊಡ್ಡಪ್ಪ, ನಾನು..."

"ಚೆನ್ನಾಗಿ ಹೊಳೀತಿದೆ ಕಣೇ" ಎಂದು ಕುಂಕುಮ ಇಟ್ಟರು. ಬೈದಿದ್ದರೆ ಎಷ್ಟೋ ವಾಸಿಯಿತ್ತು! ಆಮೇಲೆ ಭಾನುವಾರಗಳಲ್ಲಿ ಅವರು ಬಾಲ್ಕನಿಯಲ್ಲಿ ಕೂರುವುದನ್ನೂ ಬಿಟ್ಟರು. ನಾನು ಏನೇನೋ ನೆಪ ಹೇಳಿ ಆ ಕಡೆ ಹೋಗುವುದನ್ನೇ ತಪ್ಪಿಸಿಕೊಂಡೆ.

ಈ ವರ್ಷದ ಮಹಾಲಯಕ್ಕೆ ಮಾತ್ರ ಹೋದೆ. ದೊಡ್ಡಮ್ಮನಿಗೆ ಮಂಡಿನೋವು, ಕೂತಲ್ಲಿಂದ ಏಳುವಂತಿರಲಿಲ್ಲ.

"ಮೇಜರ್ ಸಾಹೇಬ್ರೆ, ಹೆಸರು ಸಿಕ್ತಾ?" ಪುರೋಹಿತರು ಕೇಳಿದರು. ನಾನು ನೆಲ ನೋಡಿದೆ.

"ಇಲ್ಲ ಸ್ವಾಮಿ. ಸವೆದುಹೋಯ್ತು. ತುಂಬಾ ಹಳೇದಲ್ವಾ?" ಎಂದರು ದೊಡ್ಡಪ್ಪ. ಆಮೇಲೆ ಎಳ್ಳು ಹಿಡಿದ ಅಂಗೈಯನ್ನು ನನ್ನತ್ತ ಚಾಚಿದರು.

"ಬಾ ಮಗು, ನೀನೇ ನೀರು ಹಾಕು."

ಹೆಸರನ್ನು ಅಳಿಸಿದ ಕೈಯಿಂದಲೇ ಅವನಿಗೆ ನೀರು ಎರೆಸಿದರು.