ಪುಟ ಮಗುಚದ ಪುಸ್ತಕ

ಜಯನಗರದಲ್ಲಿ ಮೂವತ್ತು ವರ್ಷದಿಂದ ಪುಸ್ತಕದಂಗಡಿ ಇಟ್ಟಿರೋನು ನಗೋಕೆ ವಿಷಯ ಹುಡುಕಬೇಕಾಗಿಲ್ಲ, ಗಿರಾಕಿಗಳೇ ತಂದುಕೊಡ್ತಾರೆ. ಈಚೆಗೆ ಮಕ್ಕಳಿಗೆಂದು ಒಂದು ಇ-ಬುಕ್ ಮಾಡಿಸಿದೆ. ಕಥೆಯ ನಡುವೆ ‘ಕಾಡಿಗೆ ಹೋಗ್ತೀಯಾ, ಊರಿಗೆ ಹೋಗ್ತೀಯಾ?’ ಅಂತ ಕೇಳುತ್ತೆ. ಒತ್ತಿದ್ದಕ್ಕೆ ತಕ್ಕ ಪುಟಕ್ಕೆ ಹಾರುತ್ತೆ. ಬನಶಂಕರಿಯ ಒಂದು ಶಾಲೆ ಒಪ್ಪಿದರೆ ಇನ್ನೊಂದು ಮಾಡಿಸೋದು, ಇಲ್ಲದಿದ್ದರೆ ಈ ಸಹವಾಸ ಇಲ್ಲಿಗೇ ಸಾಕು ಅಂತ ತೀರ್ಮಾನಿಸಿದ್ದೆ. ಈಗ ನೆನೆಸಿಕೊಂಡು ನಗಬಹುದು, ಆಗ ನಗು ಬರಲಿಲ್ಲ.

ಮೇಷ್ಟ್ರ ತಿದ್ದುಪಡಿ

ಕರಡು ತಿದ್ದಲು ತ್ಯಾಗರಾಜನಗರದ ನಿವೃತ್ತ ಮೇಷ್ಟ್ರಿಗೆ ಕೊಟ್ಟೆ. ಅವರು ಯಾವ ದಾರಿಯನ್ನೂ ಒತ್ತದೆ, ಒಂದನೇ ಪುಟದಿಂದ ಸಾಲಾಗಿ ಸರಿಸಿಕೊಂಡು ಓದಿದ್ದಾರೆ.

“ಏನ್ರೀ, ಒಂಬತ್ತನೇ ಪುಟದಲ್ಲಿ ರಾಜಕುಮಾರ ಹೊಳೆಗೆ ಬಿದ್ದು ಸತ್ತ. ಹತ್ತರಲ್ಲಿ ಕೂತು ಜಾಮೂನು ತಿಂತಿದ್ದಾನೆ!”

“ಅದು ಊರಿನ ದಾರಿ ಹಿಡಿದವರಿಗೆ, ಮೇಷ್ಟ್ರೇ.”

“ಇರಲಿ ಬಿಡಿ, ನಾನೇ ಹೊಂದಿಸಿದ್ದೀನಿ. ಆ ಜಾಮೂನನ್ನ ಅವನ ವೈಕುಂಠ ಸಮಾರಾಧನೆಗೆ ಮಾಡಿಸಿದ್ದೀನಿ.”

ಎರಡು ಬಾಗಿಲು

ಇ-ಬುಕ್ ಮಾಡಿಕೊಟ್ಟವರಿಗೆ ಹೇಳಿ, ಬೆರಳಲ್ಲಿ ಸರಿಸಿದರೆ ಪುಟ ಮಗುಚದ ಹಾಗೆ ಬೀಗ ಹಾಕಿಸಿದೆ. ಆಯ್ಕೆ ಒತ್ತಿದರೆ ಮಾತ್ರ ಮುಂದೆ. ಮೊಮ್ಮಗಳಿಗೆಂದು ಈ ಇ-ಬುಕ್ ಕೊಂಡಿದ್ದ ಜರಗನಹಳ್ಳಿಯ ಮನೆ ಮಾಲೀಕರೊಬ್ಬರು ಫೋನ್ ಹಿಡಿದು ಬಂದರು.

“ಏನಣ್ಣ, ಬೆರಳು ಸವೆದೋಯ್ತು, ಇದು ಅಲ್ಲಾಡಲ್ಲ.”

“ಎರಡು ಬಾಗಿಲಿನ ಚಿತ್ರ ಕಾಣ್ತಿದೆಯಲ್ಲ ಸಾರ್, ಒಂದನ್ನ ಒತ್ತಿ.”

ಅವರು ಕನ್ನಡಕ ಏರಿಸಿ ಎರಡನ್ನೂ ನೋಡಿದರು. “ಯಾವುದು ಪೂರ್ವಕ್ಕಿದೆ ಅಂತ ಹಾಕೇ ಇಲ್ವಲ್ಲ. ಸುಮ್ಮನೆ ನುಗ್ಗೋದು ಹೆಂಗೆ?”

ಮರುದಿನವೇ ಎರಡೂ ಬಾಗಿಲಿಗೆ ‘ಪೂರ್ವ’ ಅಂತ ಬರೆಸಿದೆ.

ಗುಹೆ

ಶಾಲೆಯಲ್ಲಿ ನಮ್ಮ ಇ-ಬುಕ್ಕಿನ ಪರೀಕ್ಷೆಯ ದಿನ. ಮಕ್ಕಳ ಕೈಯಲ್ಲಿ ಟ್ಯಾಬ್, ಹಿಂದೆ ಹೆಡ್ ಮೇಡಂ. ಎಲ್ಲರೂ ಗುಹೆಯ ದಾರಿಯನ್ನೇ ಒತ್ತಿದರು. ‘ಗುಹೆಯ ಬಾಯಿ ಮುಚ್ಚಿಕೊಂಡಿತು’ ಅಂತ ಬಂತು. ಅಷ್ಟೇ. ಅಲ್ಲಿಂದ ಹೊರಗೆ ಹೋಗೋ ಬಟನ್ ಹಾಕೋದನ್ನೇ ಇ-ಬುಕ್ ಮಾಡಿದವರು ಮರೆತಿದ್ದರು. ಬೆರಳಲ್ಲಿ ಸರಿಸೋಣವೆಂದರೆ ಬೀಗ ಹಾಕಿಸಿದವನು ನಾನೇ!

ದಾರಿ ಎಲ್ಲೋ ಅಡಗಿದೆ ಅಂದುಕೊಂಡು ಮಕ್ಕಳು ಚಿತ್ರದಲ್ಲಿದ್ದ ಒಂದೊಂದು ಕಲ್ಲನ್ನೂ ಒತ್ತುತ್ತಾ ಕೂತರು. ಪಿಟ್ಟೆನ್ನಲಿಲ್ಲ. ಅರ್ಧ ಗಂಟೆ ಹಾಗೇ ಕಳೆದು ಬೆಲ್ ಹೊಡೆಯಿತು. ನಾನು ಬೆವರು ಒರೆಸಿಕೊಂಡು ಚೀಲ ಎತ್ತಿಕೊಂಡೆ. ಮೇಡಂ ಹೊರಗೆ ಕರೆದರು.

“ಒಂದು ತಪ್ಪಾಗಿದೆ ಮೇಡಂ, ನಾಳೆಯೊಳಗೆ ಸರಿ ಮಾಡಿಸ್ತೀನಿ...”

“ಸರಿ ಮಾಡಿಸೋದಾ? ಈ ಕ್ಲಾಸು ಅರ್ಧ ಗಂಟೆ ಬಾಯಿ ಮುಚ್ಚಿಕೊಂಡು ಕೂತಿದ್ದು ಇದೇ ಮೊದಲು ಸಾರ್! ಎಲ್ಲಾ ಕ್ಲಾಸಿಗೂ ಕೊಡಿ. ಆ ಗುಹೆ ಮಾತ್ರ ಮುಟ್ಟಬೇಡಿ.”