ಸೆಟಪ್ ಫೈಲಿನ ಹಲ್ಲು ನೋಡಿದ್ದು

ಜುಲೈ ಒಂಬತ್ತು, ಬುಧವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ನನ್ನ ಹೆದರಿಕೆ ಶುರುವಾದ ವೇಳೆ ಇದು. ಹೆದರಿಕೆಗೂ ಯಾರಾದರೂ ವೇಳೆ ಬರೆದಿಡುತ್ತಾರೆಯೇ ಎಂದು ಕೇಳಬೇಡಿ, ನಾನು ಬರೆದಿಡುತ್ತೇನೆ. ಸೇಡಂನ ನಮ್ಮ ಮನೆಯಲ್ಲಿ ಕರೆಂಟು ಹೋದದ್ದು, ನಳ ಬಂದದ್ದು, ಅವ್ವ ನನ್ನನ್ನು ಬೈದದ್ದು, ಎಲ್ಲಕ್ಕೂ ನನ್ನ ಡೈರಿಯಲ್ಲಿ ಲೆಕ್ಕವಿದೆ. ಹೀಗೆ ಬದುಕುವವನ ಬಾಗಿಲಿಗೆ ಅಪಾಯ ಬರುವುದಿಲ್ಲ ಎಂದು ನಂಬಿದ್ದೆ.

ನನ್ನ ಅಕ್ಕ ಚಿಂಚೋಳಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ವಾರವೆಲ್ಲ ಅಲ್ಲೇ ಇದ್ದು ಶುಕ್ರವಾರ ಸಂಜೆ ಊರಿಗೆ ಬರುತ್ತಾಳೆ. ತೊಗರಿ ಹೊಲದಲ್ಲಿ ದುಡಿಯುವ ಹೆಣ್ಣುಮಕ್ಕಳ ಮಾತಿನ ಮೇಲೆ, ಚಂದ್ರಂಪಳ್ಳಿಯ ಸುತ್ತಲಿನ ಹೊಲಗಳನ್ನೆಲ್ಲ ತಿರುಗಿ, ಐದು ವರ್ಷ ಕೂತು ಮಹಾಪ್ರಬಂಧ ಬರೆದಿದ್ದಾಳೆ. ಇಪ್ಪತ್ತೊಂದನೇ ತಾರೀಖಿಗೆ ಅದನ್ನು ಒಪ್ಪಿಸಬೇಕು. ತಪ್ಪಿದರೆ ಐದಕ್ಕೆ ಇನ್ನೊಂದು ವರ್ಷ ಸೇರಿತು. ಅವಳು ಕೈಯಲ್ಲಿ ಬರೆದದ್ದನ್ನು ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿದವನು ನಾನು: ಇನ್ನೂರ ಹದಿನಾಲ್ಕು ಪುಟ. ಮುಗಿದ ಪ್ರತಿ ಹಾಳೆಯ ಮೇಲೂ ಕೆಂಪು ಪೆನ್ನಿನಲ್ಲಿ ‘ಮುಗೀತು’ ಎಂದು ಬರೆಯುವುದು ನನ್ನ ಕ್ರಮ. ಅವ್ವ ನನ್ನ ಕ್ರಮವನ್ನು ಪೂರ್ತಿಯಾಗಿ ನಂಬಿದಳು. ಮುಗಿದ ಹಾಳೆಗಳನ್ನು ರೊಟ್ಟಿ ಬುಟ್ಟಿಗೆ ಹಾಸಿದಳು, ಡಬ್ಬಿಗಳ ತಳಕ್ಕೆ ಹಾಕಿದಳು. ಹೀಗಾಗಿ ಅಕ್ಕನ ಐದು ವರ್ಷ ನನ್ನ ಕಂಪ್ಯೂಟರಿನ ಹೊಟ್ಟೆಯಲ್ಲಿ ಮಾತ್ರ ಉಳಿದಿತ್ತು. ನಳ ಬಂದ ವೇಳೆಯನ್ನು ಬರೆದಿಡುವ ನಾನು ಇದಕ್ಕೊಂದು ನಕಲು ಇಟ್ಟಿರಲಿಲ್ಲ.

ಮನೆಯಲ್ಲೇ ಪ್ರಿಂಟ್ ತೆಗೆದು ಕೊಡುತ್ತೇನೆ ಎಂದು ಅಕ್ಕನಿಗೆ ಮಾತು ಕೊಟ್ಟಿದ್ದೆ. ಆ ಬುಧವಾರ ನಮ್ಮ ಹಳೆಯ ಪ್ರಿಂಟರು ಕಂಪ್ಯೂಟರಿನೊಡನೆ ಮಾತು ಬಿಟ್ಟಿತು. ಅದರ ಸೆಟಪ್ ಫೈಲು ಹಾಕಿದರೆ ಸರಿಹೋಗುತ್ತದೆಂದು ತಿಳಿದು, ಇಂಟರ್‌ನೆಟ್ಟಿನಲ್ಲಿ ಹುಡುಕಿ, ಮೊದಲು ಕಂಡದ್ದನ್ನೇ ಒತ್ತಿದೆ. ‘ಈ ಫೈಲು ಹಾನಿ ಮಾಡಬಹುದು, ಇಟ್ಟುಕೊಳ್ಳುತ್ತೀರಾ?’ ಎಂಬ ಪ್ರಶ್ನೆ ಬಂತು. ಅವಸರದಲ್ಲಿ ಹೌದು ಎಂದೆ. ಓದಿದ್ದು ಆಮೇಲೆ. ಫೈಲಿನ ಹೆಸರಿನ ಕೊನೆಗೆ ಎರಡು ಎಂಬ ಅಂಕಿ ಇತ್ತು. ನಾನು ಒತ್ತಿದ್ದು ಒಂದೇ ಸಲ. ಇದು ಎರಡನೆಯದಾದರೆ ಒಂದನೆಯದು ಎಲ್ಲಿ? ಮನೆಯೊಳಗೆ ಒಂದು ಹಾವು ಕಂಡು, ಅದರ ಜೋಡಿ ಎಲ್ಲಿದೆಯೋ ಎಂದು ಹುಡುಕುವವನ ಹಾಗೆ ಅರ್ಧ ಗಂಟೆ ಹುಡುಕಿದೆ. ಸಿಗಲಿಲ್ಲ. ಸಿಕ್ಕಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

ಕಂಪನಿಯವರ ಪುಟದಲ್ಲಿ ಅದೇ ಫೈಲು ನಲವತ್ತು ಎಂಬಿ ಎಂದಿತ್ತು, ನನ್ನದು ಮೂರು. ಎತ್ತು ಎಂದು ಹೇಳಿ ಬೆಕ್ಕು ಕೊಟ್ಟ ಹಾಗಾಯಿತು. ಆದರೆ ಕಂಪನಿಯ ಪುಟದಲ್ಲಿ ನಮ್ಮಷ್ಟು ಹಳೆಯ ಪ್ರಿಂಟರಿಗೆ ‘ಈಗ ಲಭ್ಯವಿಲ್ಲ’ ಎಂದು ಬರೆದಿದ್ದರು. ಅಳಿಸೋಣವೆಂದರೆ ಅದನ್ನು ಮುಟ್ಟಬೇಕು. ಪರದೆಯ ಮೇಲೆ ಬಾಣವನ್ನು ಅದರಿಂದ ನಾಲ್ಕು ಬೆರಳು ದೂರವೇ ಸುತ್ತಿಸಿಕೊಂಡು ಹೋಗುತ್ತಿದ್ದೆ. ಧೈರ್ಯ ಮಾಡಿ, ಅನುಮಾನದ ಫೈಲುಗಳನ್ನು ಹತ್ತಾರು ಕಡೆಯಿಂದ ತಪಾಸಣೆ ಮಾಡಿಸುವ ತಾಣವೊಂದಕ್ಕೆ ಅದನ್ನು ಕಳಿಸಿದೆ. ಎಪ್ಪತ್ತೊಂದು ತಪಾಸಣೆಗಳಲ್ಲಿ ಅರವತ್ತೇಳು ‘ತೊಂದರೆ ಇಲ್ಲ’ ಎಂದವು. ನಾಲ್ಕು ‘ಕೆಟ್ಟದ್ದು’ ಎಂದವು, ಅದೂ ನಾಲ್ಕು ಬೇರೆ ಬೇರೆ ಹೆಸರು ಹಿಡಿದು. ಚುನಾವಣೆಯಾದರೆ ಈ ಫೈಲು ಭರ್ಜರಿಯಾಗಿ ಗೆಲ್ಲುತ್ತಿತ್ತು. ಆದರೆ ಎಪ್ಪತ್ತೊಂದು ಬದನೆಕಾಯಿಯಲ್ಲಿ ನಾಲ್ಕಕ್ಕೆ ವಿಷ ತಗುಲಿದೆ ಎಂದು ಗೊತ್ತಿದ್ದರೆ ಯಾರಾದರೂ ಎಣ್ಣೆಗಾಯಿ ಮಾಡುತ್ತಾರೆಯೇ? ಅಷ್ಟರಲ್ಲಿ ಅಕ್ಕನ ಫೋನು ಬಂತು.

“ಏ ಮಲ್ಯಾ, ಪ್ರಿಂಟ್ ಯಾನಾಯ್ತೋ?”

“ಮಾಡ್ಲಿಕತ್ತೀನಕ್ಕಾ. ಶಾಯಿ ಜರಾ ಕಮ್ಮಿ ಅದ.”

ಡೈರಿಯಲ್ಲಿ ಬರೆದುಕೊಂಡೆ: ಅಕ್ಕನಿಗೆ ಸುಳ್ಳು, ಒಂದು.

ಅಪ್ಪನನ್ನು ಕೇಳಿದೆ. ಅಪ್ಪನಿಗೆ ಕುರಕುಂಟಾದ ನಮ್ಮ ಹೊಲ ಗೊತ್ತು, ಕಂಪ್ಯೂಟರು ಗೊತ್ತಿಲ್ಲ. ಆದರೂ ಉತ್ತರ ತಡವಾಗಲಿಲ್ಲ. “ಎತ್ತು ತರೋ ಮುಂದ ನಿಮ್ಮ ಮುತ್ಯಾ, ನಮ್ಮಪ್ಪ, ಮೂರು ಊರಿನ ಮೂರು ಮಂದಿಗಿ ತೋರಸ್ತಿದ್ದ. ಒಬ್ಬ ಅಂದದ್ದು ಇನ್ನೊಬ್ಬಗ ಹೇಳ್ತಿರಲಿಲ್ಲ. ಮೂರೂ ಮಂದಿ ಹಲ್ಲು ನೋಡಿ ಹೂಂ ಅಂದ್ರ ಮಾತ್ರ ಹಗ್ಗ ಹಿಡಿತಿದ್ದ. ನೀನೂ ಹಂಗೇ ತೋರ್ಸು.” ಎಪ್ಪತ್ತೊಂದು ಮಂದಿಗೆ ತೋರಿಸಿಯೂ ಸಿಗದ ಸಮಾಧಾನ ಈ ಮೂರರಲ್ಲಿ ಕಂಡಿತು. ಮನೆಯಲ್ಲಿದ್ದದ್ದು ಒಂದೇ ಪೆನ್‌ಡ್ರೈವ್. ಬುದ್ಧಿ ಬಂದವನಂತೆ ಮೊದಲು ಅಕ್ಕನ ಮಹಾಪ್ರಬಂಧದ ನಕಲನ್ನು ಅದರಲ್ಲಿ ಹಾಕಿದೆ. ಪಕ್ಕದಲ್ಲೇ ಸೆಟಪ್ ಫೈಲನ್ನೂ ಹಾಕಿದೆ. ಫೋನಿಗೆ ಅದರ ಗಾಳಿ ತಾಗದಿರಲಿ ಎಂದು ಪೆನ್‌ಡ್ರೈವನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು, ಹನ್ನೆರಡನೇ ತಾರೀಖು ಶನಿವಾರ ಬೆಳಿಗ್ಗೆ ರೈಲು ಹತ್ತಿದೆ. ಚಿತ್ತಾಪುರದಲ್ಲಿ ಹತ್ತಿದ ಅಜ್ಜಿಯೊಬ್ಬಳು ಪಕ್ಕದಲ್ಲಿ ಕೂತು, “ಡಬ್ಬಿದಾಗ ಯಾನದ ಯಪ್ಪಾ, ಹಂಗ ಅವಚಿಕೊಂಡು ಕುಂತಿ?” ಎಂದಳು. ಔಷಧಿ ಎಂದೆ. ಅಪರಿಚಿತರಿಗೆ ಸುಳ್ಳು, ಒಂದು.

ವಾಡಿಯಲ್ಲಿ ನನ್ನ ಸೋದರಮಾವನ ಮಗ ಶರಣು ಮೊಬೈಲು ಅಂಗಡಿ ಇಟ್ಟಿದ್ದಾನೆ. ಮೇಲಿಂದ ನೋಡಿ ಹೇಳು, ತೆರೆಯಬೇಡ ಎಂದೆ. “ಮೇಲಿಂದ ನೋಡ್ಲಿಕ್ಕಿ ಇದೇನು ಹೆಣ್ಣು ನೋಡೋದಾ? ಬಾಯಿ ತೆರಿಸದ ಹಲ್ಲು ಹ್ಯಾಂಗ ನೋಡ್ಲಿ?” ಎನ್ನುತ್ತಲೇ ಎರಡು ಸಲ ಒತ್ತಿಬಿಟ್ಟ. ಪರದೆಯ ಮೇಲೆ ಕಪ್ಪು ಚೌಕವೊಂದು ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋಯಿತು.

“ಅದು ಯಾನು ಬಂತು?”

“ಬಂದಿದ್ದು ಹೋಯ್ತಲ್ಲ? ಕುಂತಿಲ್ಲಲ್ಲ? ಚೊಲೋ ಅದ, ಒಯ್ಯಿ.”

ಅಲ್ಲಿಂದ ಶಹಾಬಾದ. ನನ್ನ ಜೊತೆ ಓದಿದ ರಫೀಕ್ ಅಲ್ಲಿ ಮದುವೆ ಕಾರ್ಡುಗಳ ವಿನ್ಯಾಸ ಮಾಡುತ್ತಾನೆ. ಅವನ ಕಂಪ್ಯೂಟರು ಪೆನ್‌ಡ್ರೈವ್ ಚುಚ್ಚಿದ ಕೂಡಲೇ ಕೆಂಪು ಅಕ್ಷರದಲ್ಲಿ ಕೂಗಿಕೊಂಡಿತು. ಸಿಕ್ಕಿತು ಉತ್ತರ ಎಂದು ನಾನು ಎದ್ದು ನಿಂತೆ. ರಫೀಕ್ ಆ್ಯಂಟಿವೈರಸ್ಸನ್ನೇ ಬಂದ್ ಮಾಡಿದ. “ಇದು ಎಲ್ಲಕ್ಕೂ ಚೀರ್ತದ ಭೈ, ಭಾಳ ಪರೇಶಾನ್ ಮಾಡ್ತದ,” ಎಂದು ಫೈಲನ್ನು ತೆರೆದ. ಮತ್ತೆ ಅದೇ ಕಪ್ಪು ಚೌಕ. ಆಮೇಲೆ ಅವನ ಕಂಪ್ಯೂಟರು ಎತ್ತಿನ ಚಕ್ಕಡಿಯ ಹಾಗೆ ನಿಧಾನವಾಗಿ ನಡೆಯತೊಡಗಿತು. ನಾನು ಪೆನ್‌ಡ್ರೈವ್ ಕಿತ್ತುಕೊಂಡೆ. “ಮೊದ್ಲಿಂದಾನೂ ಹಿಂಗೇ ಅದ, ನೀ ಅಂಜಬ್ಯಾಡ. ಚಾ ಕುಡಿ,” ಎಂದು ನನ್ನನ್ನೇ ಸಮಾಧಾನ ಮಾಡಿದ.

ಎರಡು ಊರು, ಒಂದು ‘ಚೊಲೋ ಅದ’, ಒಂದು ‘ಅಂಜಬ್ಯಾಡ’, ಎರಡು ಕಪ್ಪು ಚೌಕ. ಆ ರಾತ್ರಿಯಿಂದ ಊಟ ಅರ್ಧವಾಯಿತು. ದಿನಕ್ಕೆ ಆರು ರೊಟ್ಟಿ ಇದ್ದದ್ದು ಮೂರಕ್ಕೆ ಇಳಿದದ್ದು ಡೈರಿಯಲ್ಲಿದೆ. ಎರಡು ಕಡೆ ಚುಚ್ಚಿ ಬಂದ ಪೆನ್‌ಡ್ರೈವನ್ನು ಮನೆಯ ಕಂಪ್ಯೂಟರಿಗೆ ಹಾಕುವ ಧೈರ್ಯವಾಗದೆ ಡಬ್ಬಿಯಲ್ಲೇ ಬಿಟ್ಟೆ. ಹಿಂದಿನ ಶುಕ್ರವಾರ ಕಾಲೇಜಿನ ಕೆಲಸವೆಂದು ಬರದಿದ್ದ ಅಕ್ಕ ಹದಿನೆಂಟಕ್ಕೆ ಬಂದಳು. ಪ್ರಿಂಟ್ ಎಲ್ಲಿ ಎಂದಳು. ಪ್ರಿಂಟರು ಕೆಟ್ಟಿದೆ ಎಂದಷ್ಟೇ ಹೇಳಿದೆ. ಫೈಲಿನ ಸುದ್ದಿ ಎತ್ತಲಿಲ್ಲ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಒಂದು ಕೆಲ್ಸ ಹೇಳಿದ್ರ ಹತ್ತು ನೆಪ. ನಕಲು ಎದರಾಗರೆ ಇಟ್ಟಿದಿಯಾ ಇಲ್ಲೋ?” ಎಂದಳು. ನನ್ನ ಕಣ್ಣು ಡಬ್ಬಿಯ ಕಡೆ ಹೋಯಿತು. ಅಷ್ಟೇ ಸಾಕಾಯಿತು. ಶನಿವಾರದ ಮೊದಲ ಬಸ್ಸಿಗೆ ಡಬ್ಬಿಯ ಸಮೇತ ಚಿಂಚೋಳಿಗೆ ಹೋದಳು.

ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ ಫೋನು ಬಂತು. “ಕಾಲೇಜಿನ ಎದುರಿನ ಅಂಗಡ್ಯಾಗ ಪ್ರಿಂಟ್ ಆಯ್ತೋ. ಪೂರಾ ಇನ್ನೂರ ಹದಿನಾಲ್ಕು ಪುಟ. ಅಲ್ಲಾ, ಅಂಗಡಿಯವ್ರ ಒಂದು ಪ್ರಿಂಟರ್ ನಮ್ಮಂಥಾದ್ದೇ ಅದ, ತಿಂಗಳಿಂದ ಸುಮ್ಮ ಕುಂತಿತ್ತಂತ. ನಿನ್ನ ಡ್ರೈವಿನಾಗ ಅದರ ಸೆಟಪ್ ಇತ್ತಲ್ಲ, ತಗೋರಿ ಅಂತ ನಾನೇ ಕೊಟ್ಟೀನಿ. ಭಾಳ ಖುಷಿ ಆದ್ರು.”

ನಿಂತಲ್ಲೇ ಕೂತೆ. ಕೂತಲ್ಲೇ ಎಲ್ಲವನ್ನೂ ಹೇಳಿದೆ.

“ಮಲ್ಯಾ, ಮನಿಯಾಗ ನೀ ಅದನ್ನ ತೆರ್ದಿದಿಯೇನು?”

“ಇಲ್ಲಕ್ಕಾ.”

“ಯಾಕ?”

“ಅಂಜಿಕಿ.”

“ಮತ್ತ ವಾಡಿಗಿ, ಶಹಾಬಾದಕ್ಕ ಯಾಕ ಒಯ್ದಿ?”

“ಅದೂ ಅಂಜಿಕೀನೇ.”

“ಶಾಣ್ಯಾ! ನಿನ್ನ ಅಂಜಿಕಿ ಊರೂರಿಗಿ ಪ್ರಸಾದ ಹಂಚಿದಂಗ ಹಂಚಿದಿ,” ಎಂದು ಅಂಗಡಿಗೆ ಓಡಿದಳು. ಅವರು ಆಗಲೇ ಫೈಲನ್ನು ತೆರೆದಾಗಿತ್ತು. ಪ್ರಿಂಟರು ಇನ್ನೂ ಸುಮ್ಮನೆಯೇ ಕೂತಿತ್ತು.

ಮಹಾಪ್ರಬಂಧವನ್ನು ಇಪ್ಪತ್ತೊಂದರಂದು ಒಪ್ಪಿಸಿದ್ದಾಯಿತು. ಮೂರೂ ಊರಿಗೆ ಫೋನು ಮಾಡಿ, ಕಂಪ್ಯೂಟರಿನ ಇಂಟರ್‌ನೆಟ್ ಕಿತ್ತುಹಾಕಿ, ಪಾಸ್‌ವರ್ಡುಗಳನ್ನು ಬದಲಾಯಿಸಿ ಎಂದು ಬೇಡಿಕೊಂಡೆ. ಶರಣು ನಕ್ಕ, ರಫೀಕ್ ಚಹಾಕ್ಕೆ ಕರೆದ, ಚಿಂಚೋಳಿಯ ಅಂಗಡಿಯವರು ಮಾತ್ರ ಹೂಂ ಎಂದರು. ಹೆದರಿಕೆ ಶುರುವಾಗಿ ಇಂದಿಗೆ ಹದಿನಾರನೇ ದಿನ. ಡೈರಿಯ ಲೆಕ್ಕ ಹೀಗಿದೆ: ಆ ಫೈಲು ತಾನಾಗಿ ಹೋದ ಊರು, ಸೊನ್ನೆ. ನನ್ನ ಕೈಯಿಂದ ಹೋದ ಊರು, ಮೂರು. ಅದು ವೈರಸ್ಸು ಹೌದೋ ಅಲ್ಲವೋ ಇನ್ನೂ ತಿಳಿದಿಲ್ಲ. ವೈರಸ್ಸು ಮಾಡುವ ಕೆಲಸವನ್ನೆಲ್ಲ ನಾನೇ ಮಾಡಿ ಮುಗಿಸಿದ್ದೇನೆ. ಆ ಕಪ್ಪು ಚೌಕ ಏನೆಂದು ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಬರೆದು ತಿಳಿಸಿ. ಒಂದು ಸಲ ನೋಡಿ ಹೇಳುತ್ತೇವೆ, ಫೈಲು ಕಳಿಸಿ ಎಂದು ಮಾತ್ರ ಕೇಳಬೇಡಿ. ಕೇಳಿದರೆ ಕಳಿಸಿಬಿಡುತ್ತೇನೆ.